ಸಿಸ್ಟ್ರಮ್ಮನ ಬಿಳಿ ಸೀರೆ

ಆಗ ನಮ್ಮ ಭಾನುವಳ್ಳಿಯಲ್ಲಿ ಯಾರಿಗಾದರೂ ಗಾಯವಾದರೆ ಮೊದಲು ಅರಿಸಿನ, ಅದಕ್ಕೆ ಬಗ್ಗದಿದ್ದರೆ ಸುಣ್ಣ, ಅದಕ್ಕೂ ಬಗ್ಗದಿದ್ದರೆ ಹರಿಹರದ ಬಸ್ಸು. ಮೊಮ್ಮಕ್ಕಳೇ, ಈಗ ನಿಮ್ಮ ಮೊಣಕಾಲು ತರಚಿದರೆ ದಾವಣಗೆರೆಯ ನಮ್ಮ ಎಸ್.ಎಸ್. ಬಡಾವಣೆಯ ಯಾವ ಮೂಲೆಗೆ ಹೋದರೂ ಔಷಧಿ ಅಂಗಡಿ ಇದೆ. ಆಗಿನ ಒಂದು ಸುಗ್ಗಿಯ ಸಂಗತಿಯನ್ನು ನಿಮಗೆ ಹೇಳಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಎದುರು ಕೂತು ಹೇಳಲು ನನಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ನಾನಾಗ ಐದನೇ ಕ್ಲಾಸು. ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಕೊಯ್ಲಾದ ಗದ್ದೆಯಲ್ಲಿ ಬರಿಗಾಲಲ್ಲಿ ತೆನೆ ಆಯುವಾಗ ಚೂಪಾದ ಭತ್ತದ ಕೂಳೆ ಬೆರಳ ಬುಡದಲ್ಲಿ ಅಂಗಾಲಿಗೆ ಹೊಕ್ಕಿತು. ಅರಿಸಿನವೂ ಸೋತಿತು, ಸುಣ್ಣವೂ ಸೋತಿತು. ಪಾದ ಬಾತು ಮಿರಮಿರ ಹೊಳೆಯತೊಡಗಿತು. ಪಡಸಾಲೆ ತುಂಬ ಕೀವಿನ ವಾಸನೆ. ಅಪ್ಪ ದಾವಣಗೆರೆಗೆ ಕರೆದುಕೊಂಡು ಹೋದರೆ ಅಲ್ಲಿನ ಡಾಕ್ಟರು, "ಬೆರಳು ತೆಗೀಬೇಕು, ತಡ ಮಾಡಿದ್ರೆ ಪಾದಾನೂ ಉಳಿಯಲ್ಲ" ಅಂದರಂತೆ.

"ಹುಟ್ಟುವಾಗ ಎಷ್ಟು ಬೆರಳು ತಂದೀನೋ ಸಾಯುವಾಗ್ಲೂ ಅಷ್ಟನ್ನೇ ಒಯ್ತೀನಿ," ಎಂದು ಅಜ್ಜಿ ಎದ್ದು ಬಂದುಬಿಟ್ಟಳು. ಆಮೇಲೆ ಗಾಯ ತೊಳೆಯಲು ಮನೆಗೆ ಬಂದ ಕಂಪೌಂಡರನಿಗೆ, "ಗಂಡಸ್ರು ನನ್ನ ಕಾಲು ಮುಟ್ಟೋದು ಬ್ಯಾಡ" ಅಂದಳು.

ಹರಿಹರದ ಚರ್ಚಿನ ಕಡೆಯ ಸಿಸ್ಟರ್ ಒಬ್ಬರು ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ನಮ್ಮ ಶಾಲೆಯ ಜಗಲಿಯಲ್ಲಿ ಔಷಧಿ ಕೊಡುತ್ತಿದ್ದರು. ಹೆಸರು ಸೆಲಿನ್. ಊರವರ ಬಾಯಲ್ಲಿ ಸಿಸ್ಟ್ರಮ್ಮ. ನಮ್ಮವ್ವ ಹೋಗಿ ಅವರನ್ನು ಮನೆಗೆ ಕರೆತಂದಳು. ಅಜ್ಜಿಗೆ ಕಣ್ಣಿಗೆ ಪೊರೆ ಬಂದಿತ್ತು. ಹತ್ತಿರ ಕೂತ ಸಿಸ್ಟ್ರಮ್ಮನ ಸೆರಗನ್ನು ಕೈಯಲ್ಲಿ ಹಿಡಿದು, ಮುಖದ ತನಕ ಬಗ್ಗಿ ನೋಡಿದಳು. ಅಂಚಿಲ್ಲದ ಬಿಳಿ ಸೀರೆ. ಬರಿ ಹಣೆ. ಅಜ್ಜಿ ಉಡುತ್ತಿದ್ದದ್ದೂ ಅಂಥದೇ ಸೀರೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು ನರ್ಸ್ ಕೆಲಸಕ್ಕೆ ಹೋಗುತ್ತಿದ್ದುದನ್ನು ಅವಳು ಕಂಡಿದ್ದಳು.

"ಅಯ್ಯೋ ತಂಗಿ, ಇಷ್ಟು ಎಳೇ ವಯಸ್ಸಿಗೇ!" ಎಂದು ಮರುಗಿ, ತಾನಾಗಿಯೇ ಕಾಲು ಚಾಚಿದಳು. "ನನ್ನಂಥಾಕೀನೇ. ಮುಟ್ಲಿ ಬಿಡು."

ಸಿಸ್ಟ್ರಮ್ಮನಿಗೆ ಅದು ಅರ್ಥವಾಗಲಿಲ್ಲ. ಅವರು ಘಟ್ಟದ ಕೆಳಗಿನವರು, ನಮ್ಮ ಮಾತು ಇನ್ನೂ ಹೊಸದು. ನೆಲದ ಮೇಲೆ ಕೂತು, ತೊಡೆಯ ಮೇಲೆ ಒಗೆದ ಬಟ್ಟೆ ಹಾಸಿ, ಅದರ ಮೇಲೆ ಅಜ್ಜಿಯ ಪಾದ ಇಟ್ಟುಕೊಂಡರು. ಆಮೇಲೆ ದಿನ ಬಿಟ್ಟು ದಿನ ಬಂದರು. ಹಳೆ ಪಟ್ಟಿಯನ್ನು ಎಂದೂ ಎಳೆಯುತ್ತಿರಲಿಲ್ಲ. ಬೆಚ್ಚನೆಯ ಉಪ್ಪುನೀರು ಸುರಿದು, ಅದು ತಾನಾಗಿ ಬಿಡುವ ತನಕ ಏನಾದರೂ ಮಾತಾಡುತ್ತ ಕಾಯುವರು. ನೀರು ಕುದಿಸುವುದು, ಬಿಸಿಲಿಗೆ ಹಾಕಿದ ಪಟ್ಟಿಗಳಿಗೆ ಕೋಳಿ ಬಾಯಿ ಹಾಕದಂತೆ ಕಾಯುವುದು ನನ್ನ ಕೆಲಸ. ಅವರ ಚೀಲದ ಸ್ಪಿರಿಟ್ ವಾಸನೆ ನನಗೆ ಎಷ್ಟು ಹಿಡಿಸಿತೆಂದರೆ, ಅವರು ಹೋದ ಮೇಲೆ ಚೀಲ ಇಟ್ಟ ಜಾಗವನ್ನೇ ಮೂಸುತ್ತಿದ್ದೆ. ವಾರ ಕಳೆಯುವಷ್ಟರಲ್ಲಿ ಬಾವು ಇಳಿಯತೊಡಗಿತು.

ನಮ್ಮ ಮನೆಗೆ ಯಾವ ಹೆಂಗಸು ಬಂದರೂ ಅವ್ವ ಕುಂಕುಮ, ಹೂವು ಕೊಟ್ಟೇ ಕಳಿಸುವಳು. ಸಿಸ್ಟ್ರಮ್ಮನಿಗೆ ಮಾತ್ರ ಇಲ್ಲ. ಅದನ್ನು ನೋಡಿ ನೋಡಿ ನಾನು ಒಂದು ದಿನ, ಪಟ್ಟಿ ಕಟ್ಟುವಾಗಲೇ ಕೇಳಿಬಿಟ್ಟೆ.

"ಸಿಸ್ಟ್ರಮ್ಮ, ನಿಮ್ಮ ಯಜಮಾನ್ರು ಹೆಂಗೆ ತೀರಿಕೊಂಡ್ರು?"

ಅವ್ವ ನನ್ನ ತೋಳು ಚಿವುಟಿದಳು. ಸಿಸ್ಟ್ರಮ್ಮ ನಕ್ಕರು. "ನನಗೆ ಮದುವೆಯೇ ಆಗಲಿಲ್ಲ ಮಗಾ. ದೇವರ ಕೆಲಸಕ್ಕೆ ಅಂತ ಬಂದವಳು ನಾನು."

ಅಜ್ಜಿ ಸಟ್ಟನೆ ಕಾಲು ಎಳೆದುಕೊಂಡಳು. ಅರ್ಧ ಸುತ್ತಿದ ಪಟ್ಟಿ ನೆಲಕ್ಕೆ ಬಿತ್ತು.

"ಗಂಡ ಸತ್ತಿಲ್ಲ ಅಂದ್ರೆ ಈ ಸೀರೆ ಯಾಕ? ನನ್ನ ಅಣಕಸ್ತೀಯೇನು?"

"ಇಲ್ಲ ಅಜ್ಜಿ. ಇದನ್ನು ನಾನೇ ಕೇಳಿ ಉಟ್ಟದ್ದು."

"ಕೇಳಿ ಉಟ್ಟಿ? ನಿಮ್ಮವ್ವ ಅಳಲಿಲ್ಲೇನು?"

"ಅತ್ತರು. ನಾನೂ ಅತ್ತೆ. ಆಮೇಲೆ ಬಸ್ಸು ಹತ್ತಿದೆ."

ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದಳು. ಅಂದಿನಿಂದ ಅವ್ವನಿಗೂ ಪಟ್ಟಿ ಮುಟ್ಟಗೊಡಲಿಲ್ಲ. ಪಡಸಾಲೆಗೆ ಮತ್ತೆ ಆ ವಾಸನೆ ಬಂತು. ಅಪ್ಪ ಅಂಗಳದಲ್ಲಿ ನಿಂತು, "ಇನ್ನು ದಾವಣಗೆರೆಗೆ ಹೊತ್ಕೊಂಡು ಹೋಗೋದೇ. ಪಾದ ಹೋದ್ರೂ ಜೀವ ಉಳೀಲಿ" ಎಂದ. ಅದನ್ನು ಕೇಳಿ ನಾನು ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಸಿಸ್ಟ್ರಮ್ಮ ಬರುವುದನ್ನು ಬಿಡಲಿಲ್ಲ. ಒಳಗೆ ಕರೆಯದಿದ್ದರೆ ಹೊರಗೆ ಕಟ್ಟೆಯ ಮೇಲೆ ಕೂತು ಬಸ್ಸಿನ ಹೊತ್ತಿನ ತನಕ ಕಾಯುವರು. ಬೇಜಾರಿಗೆ ನನ್ನ ಜೊತೆ ಆಣೆಕಲ್ಲು ಆಡುವರು. ಒಂದು ಕಲ್ಲು ಮೇಲೆ ಹಾರಿಸಿ, ಕೆಳಗಿನದನ್ನು ಬಾಚಿ, ಮೇಲಿನದನ್ನು ಹಿಡಿಯುವ ಆಟ. ಗಾಯವನ್ನು ಅಷ್ಟು ನಾಜೂಕಾಗಿ ತೊಳೆಯುವ ಆ ಕೈಗೆ ಒಂದು ಕಲ್ಲೂ ನಿಲ್ಲುತ್ತಿರಲಿಲ್ಲ. ಟಪ್, ಟಪ್ ಎಂದು ಬೀಳುತ್ತಲೇ ಇದ್ದವು.

ಕೊನೆಗೆ ಒಳಗಿಂದ ಅಜ್ಜಿ ಕೂಗಿದಳು. "ಏ ಗಿರಿಜಾ, ಆ ಸಪ್ಪಳ ಕೇಳಾಕಾಗಲ್ಲ! ಆಕೀಗೆ ಆಡಾಕ ಬರಲ್ಲ. ಬರೋ ಕೆಲಸಾನಾದ್ರೂ ಮಾಡ್ಲಿ, ಒಳಗೆ ಬಾ ಅನ್ನು."

ಸಿಸ್ಟ್ರಮ್ಮ ಒಳಗೆ ಹೋಗಿ ತೊಡೆಯ ಮೇಲೆ ಬಟ್ಟೆ ಹಾಸಿದರು. ಅಜ್ಜಿ ಕಾಲು ಇಟ್ಟಳು. ಉಪ್ಪುನೀರು ಸುರಿದು ಪಟ್ಟಿ ಬಿಡುವುದನ್ನು ಕಾಯುತ್ತಿರುವಾಗ ಅಜ್ಜಿ ಮೆಲ್ಲಗೆ ಹೇಳಿದಳು: "ನೀನು ಕೇಳಿ ಉಟ್ಟಿ. ನನಗೆ ಉಡಿಸಿದ್ರು ತಂಗಿ. ಯಾರೂ ಕೇಳಲಿಲ್ಲ."

ಸಿಸ್ಟ್ರಮ್ಮ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು.

ಯುಗಾದಿಯ ಹೊತ್ತಿಗೆ ಅಜ್ಜಿ ಕಾಲುವೆಯ ತನಕ ನಡೆದು ಬಂದಳು, ಎಲ್ಲ ಬೆರಳೂ ಇದ್ದ ಕಾಲಲ್ಲಿ. ಅಂದು ಸಿಸ್ಟ್ರಮ್ಮ ಹೋಳಿಗೆ ಊಟ ಮಾಡಿ ಹೊರಟಾಗ ಅಜ್ಜಿಯೇ, "ಗಂಡ ಸತ್ತಿಲ್ಲ ಅಂದ ಮ್ಯಾಲೆ ಹೂವು ಕೊಡಾಕ ಏನಡ್ಡಿ? ಕೊಡವ್ವ" ಎಂದು ಅವ್ವನಿಗೆ ಹೇಳಿದಳು.

"ಅಜ್ಜಿಯ ಕೈಯಿಂದಾದರೆ ತಗೊಳ್ತೇನೆ," ಅಂದರು ಸಿಸ್ಟ್ರಮ್ಮ.

"ಹುಚ್ಚಿ! ನಾನು ಕೊಡಂಗಿಲ್ಲ."

"ನಾನೂ ಮುಡಿಯುವ ಹಾಗಿಲ್ಲ, ದೇವರ ಮುಂದೆ ಇಡುತ್ತೇನೆ. ಇಬ್ಬರಿಗೂ ಸರಿಹೋಯಿತಲ್ಲ?"

ಅಜ್ಜಿ ಜೋರಾಗಿ ನಕ್ಕಳು. ಅವ್ವನ ತಟ್ಟೆಯಿಂದ ಮಲ್ಲಿಗೆ ಮಾಲೆ ಎತ್ತಿಕೊಂಡಳು. ಎಷ್ಟೋ ವರ್ಷವಾಗಿತ್ತು ಅವಳು ಮಾಲೆ ಕೈಗೆತ್ತಿಕೊಂಡು. ತಡೆಯಲಾರದೆ ಮೂಗಿಗೆ ಒತ್ತಿಕೊಂಡು ದೀರ್ಘವಾಗಿ ಮೂಸಿದಳು.

"ಅತ್ತೇರಾ! ದೇವರ ಮುಂದೆ ಇಡೋರಿಗೆ ಮೂಸಿದ ಹೂವು ಕೊಡ್ತೀರಾ?" ಎಂದಳು ಅವ್ವ.

"ನಮ್ಮ ಚರ್ಚಿನ ತಾಯಿ ಬೇಡ ಅನ್ನಲಿಕ್ಕಿಲ್ಲ," ಎಂದು ಸಿಸ್ಟ್ರಮ್ಮ ಎರಡೂ ಕೈ ಚಾಚಿದರು. ಕರವಸ್ತ್ರದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು.

ಮುಂದಿನ ಮಳೆಗಾಲಕ್ಕೆ ಅವರಿಗೆ ಬೇರೆ ಊರಿಗೆ ಹೋಗಲು ಅಪ್ಪಣೆಯಾಯಿತು. ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ ತಿಳಿಯದು. ಅಜ್ಜಿ ಹೋದಳು, ಅವ್ವ ಹೋದಳು. ಈಗ ನನ್ನ ಮಂಡಿನೋವಿಗೆ ನೀವು ಒಳ್ಳೆಯ ಆಸ್ಪತ್ರೆಗೇ ಕರೆದೊಯ್ಯುತ್ತೀರಿ, ಅಲ್ಲಿ ಎಲ್ಲವೂ ಚೊಕ್ಕ. ಆದರೆ ನೆಲಕ್ಕೆ ಕೂತು ಪರರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಪಟ್ಟಿ ತಾನಾಗಿ ಬಿಡಲಿ ಎಂದು ಕಾಯುವವರನ್ನು ನಾನು ಮತ್ತೆ ಕಾಣಲಿಲ್ಲ.

ನಿಮ್ಮ ತಾತ ಹೋದ ಮೇಲೆ, ಅಂಗಳದ ಮಲ್ಲಿಗೆಯನ್ನು ಇನ್ನು ಸೊಸೆಯ ಕೈಯಿಂದ ಕೊಡಿಸು ಎಂದು ಬಂಧುಗಳು ಹೇಳಿದರು. ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ. ಮಾರನೆಯ ಸಂಜೆ ಎಂದಿನಂತೆ ಮಾಲೆ ಕಟ್ಟಿ ಪಕ್ಕದ ಮನೆಯಾಕೆಗೆ ನಾನೇ ಕೊಟ್ಟೆ. ಆಕೆ ತಗೊಂಡು ಮುಡಿದಳು.

ಕೊಡುವ ಮುಂಚೆ ಹೂವನ್ನು ಯಾಕೆ ಅಷ್ಟು ಹೊತ್ತು ಮೂಸ್ತೀಯ ಅಜ್ಜಿ ಎಂದು ನೀವು ನಗುತ್ತೀರಲ್ಲ. ಅದು ನನ್ನ ಅಜ್ಜಿಯಿಂದ ಬಂದದ್ದು.