ಕೆಂಪು ಸೀರೆ ಹಾಸಿದ ಮಾಳಿಗೆ

ಹಳೆಯ ಟ್ರಂಕು ತೆರೆದಾಗಲೆಲ್ಲ ಇಳಕಲ್ ಸೀರೆಯ ಮಡಿಕೆಯೊಳಗಿನ ಒಣ ಬೇವಿನೆಲೆಯ ಕಹಿ ವಾಸನೆ ಮೂಗಿಗೆ ಬಡಿಯುತ್ತದೆ, ನಾನು ಮತ್ತೆ ರೋಣದ ನಮ್ಮ ಮಣ್ಣಿನ ಮಾಳಿಗೆಯ ಮೇಲೆ ನಿಂತಿರುತ್ತೇನೆ. ಆ ಮನೆ ಈಗಿಲ್ಲ. ಅದರ ಜಾಗದಲ್ಲಿ ಮೂರು ಅಂಗಡಿಗಳಿವೆ. ನಿಮ್ಮದೂ ಒಂದು ಮನೆ ಹೀಗೆಯೇ ಹೋಗಿರಬೇಕು. ಅಲ್ಲಿ ಅಪ್ಪನ ತಾಯಿ, ನಮ್ಮ ಆಯಿ, ಇದ್ದಳು. ಅಪ್ಪನ ತಮ್ಮ ವಿರೂಪಾಕ್ಷ ಕಾಕಾ ಯುದ್ಧವಿಮಾನ ಹಾರಿಸುತ್ತಿದ್ದ. "ಚಕ್ಕಡಿ ಹೊಡ್ಯಾಕ ಬರಂಗಿಲ್ಲ, ಇಂವ ಇಮಾನ ಹ್ಯಾಂಗ ಹೊಡೀತಾನೊ!" ಎಂದು ಆಯಿ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು, ಅದು ಅವಳ ಹೆಮ್ಮೆಯ ರೀತಿ. ರಜೆಗೆ ಬಂದಾಗ ಕಾಕಾ ಊಟದ ತಾಟಿನ ಮೇಲೆ ಒಂದು ಅಂಗೈಯ ಬೆನ್ನಿಗೆ ಇನ್ನೊಂದನ್ನು ಹಾರಿಸಿ, ವೈರಿ ವಿಮಾನವನ್ನು ಬೆನ್ನಟ್ಟುವುದನ್ನು ತೋರಿಸುತ್ತಿದ್ದ. "ರೊಟ್ಟಿ ಆರತೈತಿ, ಮದ್ಲ ಕೆಳಗ ಇಳಿಯೋ," ಅನ್ನುತ್ತಿದ್ದಳು ಆಯಿ.

ಯುದ್ಧದ ಸುದ್ದಿ ಹಬ್ಬಿದ ದಿನಗಳಲ್ಲಿ ಅವನ ಪತ್ರ ಬಂತು. ಬೇರೆ ನೆಲೆಗೆ ಹೋಗುವಾಗ ಮಂಗಳವಾರ ಮುಂಜಾನೆ ರೋಣದ ಮೇಲೆ ಹಾಯುತ್ತೇನೆ, ಮನೆಯ ಗುರುತಿಗೆ ಮಾಳಿಗೆಯ ಮೇಲೆ ಕೆಂಪನೆಯದೇನಾದರೂ ಹಾಸಿರಿ ಎಂದು ಬರೆದಿದ್ದ. ಆಯಿ ತನ್ನ ಮದುವೆಯ ಕೆಂಪು ಇಳಕಲ್ ಸೀರೆ ಹಾಸಿದಳು. ಪಕ್ಕದ ಮನೆಯ ಮಾಬೂಬಿ ನೋಡಿ, "ಅಷ್ಟ ಎತ್ತರಕ್ಕ ಒಂದ ಸೀರಿ ಏನ್ ಕಾಣತೈತ್ ಬೇ ಯಕ್ಕಾ? ತಡಿ, ನಂದೂ ಹಾಸ್ತೇನಿ," ಎಂದಳು. ಅವಳನ್ನು ನೋಡಿ ಓಣಿಯವರೆಲ್ಲ ಪ್ರೀತಿಯಿಂದ ತಂತಮ್ಮ ಮಾಳಿಗೆಯ ಮೇಲೆ ಕೆಂಪು ಸೀರೆ ಹಾಸಿದರು. ಮೇಲಿನಿಂದ ಯಾವುದು ಯಾರ ಮನೆಯೆಂದು ತಿಳಿಯುವುದು ಹೇಗೆ ಎಂಬುದು ಯಾರಿಗೂ ಹೊಳೆಯಲಿಲ್ಲ. ವಿಮಾನ ಬಂತು, ಎದೆ ನಡುಗಿಸಿ, ಒಮ್ಮೆ ಹಾದು, ಹೊರಟುಹೋಯಿತು.

ಎಂಟು ದಿನಕ್ಕೆ ಕಾಕಾ ತೀರಿದನೆಂದು ತಂತಿ ಬಂತು. ಆಮೇಲೊಂದು ದಿನ ಅವನ ಸಾಮಾನು ತಂದ ಅಧಿಕಾರಿಗೆ ಕನ್ನಡ ಬಾರದು. ಅಪ್ಪ ನಡುವೆ ಕೂತು ಮಾತು ದಾಟಿಸಿದ. ಮಗ ಹೇಗೆ ಸತ್ತ ಎಂದು ಆಯಿ ಕೇಳಲಿಲ್ಲ. "ಅವತ್ತ ಅವಗ ನಮ್ಮನಿ ಕಂಡಿತ್ತೇನ, ಕೇಳೋ," ಎಂದಳು. ಅಧಿಕಾರಿ ತಲೆ ತಗ್ಗಿಸಿ ಹಿಂದಿಯಲ್ಲಿ ಹೇಳಿದ್ದು, ಆಗಷ್ಟೇ ಸಾಲೆಯಲ್ಲಿ ಹಿಂದಿ ಕಲಿಯುತ್ತಿದ್ದ ನನಗೂ ತಿಳಿಯಿತು: ಓಣಿಯೆಲ್ಲ ಕೆಂಪಗಿತ್ತು, ನಮ್ಮ ಮನೆ ಯಾವುದೆಂದು ಸಿಗಲೇ ಇಲ್ಲ ಎಂದು ಕಾಕಾ ಬಹಳ ಪೇಚಾಡಿದನಂತೆ. ಅಪ್ಪ ಆಯಿಯ ಕಡೆ ತಿರುಗಿ, "ಕಂಡಿತ್ತಂತ ಬೇ. ನೀ ಕೈ ಬೀಸಿದ್ದೂ ನೋಡಿದ್ನಂತ," ಎಂದ.

ಅವತ್ತು ಆಯಿ ಕೈ ಬೀಸಿರಲಿಲ್ಲ. ಗಾಳಿಗೆ ಸೀರೆ ಹಾರೀತೆಂದು, ಮೊಣಕಾಲೂರಿ, ಎರಡೂ ಕೈಯಿಂದ ಅದರ ಸೆರಗನ್ನು ಒತ್ತಿ ಹಿಡಿದಿದ್ದಳು. ನಾನು ಪಕ್ಕದಲ್ಲೇ ಇದ್ದೆ.

ಆಯಿ ಬಹಳ ಹೊತ್ತು ಅಪ್ಪನ ಮುಖ ನೋಡಿದಳು. ಆಮೇಲೆ, "ಹೌದಪಾ," ಎಂದಳು, "ಬೀಸಿದ್ನಿ."