ಕುಸುಬಿ ಎಣ್ಣೆ ಕುಡಿದ ಎಂಜಿನ್

ತಂಗಿಯ ಗಂಡ ಕುರುಗೋಡಿನಿಂದ ಆ ಆಟದ ರೈಲನ್ನು ಗೋಣಿಚೀಲದಲ್ಲಿ ಸುತ್ತಿ ತಂದಾಗ ನನಗೆ ಸಿಟ್ಟೇ ಬಂತು. ತಂಗಿ ತೀರಿಕೊಂಡು ಇಷ್ಟು ವರ್ಷವಾದ ಮೇಲೆ ಇದೇಕೆ ಮತ್ತೆ? "ಅಟ್ಟ ಸ್ವಚ್ಛ ಮಾಡಿಸಿದ್ವಿರಿ, ಸಿಕ್ತು. ನಿಮ್ಮ ಮನೀದು, ನಿಮ್ಮಲ್ಲೇ ಇರಲಿ" ಎಂದು ಚಹಾ ಕುಡಿದು ಹೊರಟೇಬಿಟ್ಟ. ಅವನದೇನು ತಪ್ಪು ಬಿಡಿ. ಇಟ್ಟುಕೊಳ್ಳಲು ಅವನಿಗೂ ಭಯವಿದ್ದಿರಬೇಕು.

ಎಂಜಿನ್ ನನಗಿಂತ ಹಳೆಯದು. ಬಳ್ಳಾರಿ ಸ್ಟೇಷನ್ನಿನಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ, ಊರು ಬಿಟ್ಟು ಹೊರಟ ಸಾಹೇಬರೊಬ್ಬರು ಕೊಟ್ಟುಹೋದದ್ದು. ನಮ್ಮೂರು ಸಿರುಗುಪ್ಪದ ಮನೆಯ ಪಡಸಾಲೆಯಲ್ಲಿ ಹಳಿ ಜೋಡಿಸಿ ನಾನು ಓಡಿಸುತ್ತಿದ್ದೆ. ತಂಗಿ ಅದನ್ನು ಕೂತು ನೋಡಿದವಳೇ ಅಲ್ಲ. ಕಲ್ಲುನೆಲಕ್ಕೆ ಕೆನ್ನೆ ಹಚ್ಚಿ, ತಲೆಗೂದಲು ಹರಡಿಕೊಂಡು, ಹಳಿಯ ಪಕ್ಕದಲ್ಲೇ ಮಲಗಿ, ನಿಜವಾದ ಗಾಡಿಯೇ ಬಂತೆಂದು ಉಸಿರು ಬಿಗಿಹಿಡಿಯುತ್ತಿದ್ದಳು. ಮದುವೆಯಾದಾಗ ಹಟ ಮಾಡಿ ಅದನ್ನು ಕುರುಗೋಡಿಗೆ ಒಯ್ದಳು. ಅಲ್ಲೂ ಹಾಗೆಯೇ ಮಲಗಿ ನೋಡುತ್ತಿದ್ದಳಂತೆ.

ಅವ್ವ ಈಗ ಬಳ್ಳಾರಿಯಲ್ಲಿ ನನ್ನ ಜೊತೆಗಿದ್ದಾಳೆ. ಚೀಲ ಬಿಚ್ಚಿದ್ದೇ ತಡ, ಒಂದೇ ಮಾತು: "ಓಡಸಲೇ ಅದನ್ನ. ಆ ಸಪ್ಪಳ ಒಮ್ಮಿ ಕೇಳತೀನಿ. ಆಕಿ ಪಡಸಾಲ್ಯಾಗ ಅದಾಳ ಅನ್ನಂಗ ಆಗತೈತಿ."

ಮಿಕ್ಸಿ, ಫ್ಯಾನು ಬಿಚ್ಚಿ ಬಿಚ್ಚಿ ನನ್ನ ಕೈ ಪಳಗಿದೆ. ಕರೆಂಟ್ ಕೊಟ್ಟೆ. ಎಂಜಿನ್ ಗುಂಯ್ ಎಂದು ಬಿಸಿಯಾಯಿತೇ ಹೊರತು ಗಾಲಿ ಅಲ್ಲಾಡಲಿಲ್ಲ. ಕವಚ ತೆಗೆದಾಗ ಕಾರಣ ಮೂಗಿಗೇ ಬಡಿಯಿತು: ಕುಸುಬಿ ಎಣ್ಣೆ. ಒಗ್ಗರಣೆಗೆ, ದೇವರ ದೀಪಕ್ಕೆ, ಹೊಲಿಗೆ ಯಂತ್ರಕ್ಕೆ, ಎಲ್ಲಕ್ಕೂ ನನ್ನ ತಂಗಿಗೆ ಅದೊಂದೇ ಎಣ್ಣೆ; ಎಂಜಿನ್ನಿಗೂ ಅದನ್ನೇ ಹಾಕಿದ್ದಳು. ಹಾಗೇ ಬಿಟ್ಟರೆ ಅದು ಅಂಟಾಗಿ, ಆಮೇಲೆ ಅರಗಿನಂತೆ ಗಟ್ಟಿಯಾಗುತ್ತದೆ. "ಮೋಟರ್ ಏನು ಬದನಿಕಾಯಿ ಪಲ್ಯಾನೇನ, ಹುಚ್ಚಿ?" ಎಂದು ಜೋರಾಗಿಯೇ ಬೈದೆ. ಬೈದ ಮೇಲೆ ಗೊತ್ತಾಯಿತು: ನಾನು ಉತ್ತರಕ್ಕೆ ಕಾಯುತ್ತಿದ್ದೆ.

ಬೈಕಿನಿಂದ ಒಂದಿಷ್ಟು ಪೆಟ್ರೋಲ್ ತೆಗೆದು ನೆನೆಹಾಕಿ, ಕಡ್ಡಿಯಿಂದ ಕೆರೆಯುತ್ತ ಕೂತೆ. ಆದರೂ ಮೋಟರು ತಿರುಗಲೊಲ್ಲದು. ಬೆಳಕಿಗೆ ಹಿಡಿದರೆ, ಅದರೊಳಗೆ ತಿರುಗುವ ನಡುಗಂಬಿಗೆ ಕಪ್ಪು ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ದಾರವಲ್ಲ, ಕೂದಲು.

ಕೊನೆಗಾಲದಲ್ಲಿ ತಂಗಿಯ ತಲೆಯಲ್ಲಿ ಒಂದೆಳೆಯೂ ಉಳಿದಿರಲಿಲ್ಲ. ಆಸ್ಪತ್ರೆಯ ಔಷಧಿಗೆ ಎಲ್ಲ ಉದುರಿ, ಸೆರಗು ಹೊದ್ದುಕೊಂಡೇ ಹೋದಳು. ಇದು ಅದಕ್ಕೂ ಮೊದಲಿನದು. ಅವಳ ಮೈಯದು ಅಂತ ಈ ಭೂಮಿಯ ಮೇಲೆ ಉಳಿದಿರುವುದು ಇಷ್ಟೇ. ಬ್ಲೇಡು ಹಿಡಿದೆ, ಕೊಯ್ಯಲು ಕೈ ಬರಲಿಲ್ಲ. ಕೊಯ್ಯದೆ ಗಾಡಿ ಓಡುವುದಿಲ್ಲ. ಅವ್ವನನ್ನು ಕರೆದೆ.

"ಕೊಯ್ಯಬ್ಯಾಡ. ಸೂಜಿ ತಾ" ಎಂದಳು.

ಕಿಟಕಿಯ ಬೆಳಕಿಗೆ ಕೂತು ಒಂದೊಂದೇ ಸುತ್ತು ಬಿಡಿಸಿದಳು. ಸಿಕ್ಕು ಬಂದಲ್ಲಿ "ತಡೀ ತಂಗೀ, ನೋಯಂಗಿಲ್ಲ, ತಡೀ" ಎನ್ನುತ್ತಿದ್ದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ತಂಗಿಯ ತಲೆ ಅಲ್ಲಿದ್ದೀತೆಂದು ಅವ್ವನ ಮಡಿಲ ಕಡೆ ನೋಡಲಿಲ್ಲ. ಕೂದಲು ತುಂಡಾಗದೆ ಬಂತು.

ಪೆಟ್ರೋಲ್ ಪೂರ್ತಿ ಆರಿದ ಮೇಲೆ ಮೋಟರು ಜೋಡಿಸಿ ಕರೆಂಟ್ ಕೊಟ್ಟೆ. ಎಂಜಿನ್ ಒಮ್ಮೆ ಕೆಮ್ಮಿ, ಜಗ್ಗಿ, ಹೊರಟಿತು. ಅದೇ ಸಪ್ಪಳ. ಅವ್ವ ಕಣ್ಣು ಮುಚ್ಚಿದಳು. ಕೂದಲನ್ನು ಬೆರಳಿಗೆ ಸುತ್ತುತ್ತ, ಸುತ್ತುತ್ತ ಕೇಳಿಸಿಕೊಂಡಳು. ಮುಖ ಎಷ್ಟು ಹಗುರಾಗಿತ್ತೆಂದರೆ ಆ ಗಳಿಗೆ ಅವಳು ಸಿರುಗುಪ್ಪದ ಪಡಸಾಲೆಯಲ್ಲೇ ಇದ್ದಳು.

ಬಾಚಿದಾಗ ಉದುರಿದ ಕೂದಲನ್ನು ನಮ್ಮಲ್ಲಿ ಮನೆಯೊಳಗೆ ಬಿಡುವುದಿಲ್ಲ. ಸುತ್ತಿ, ಉಗುಳಿ, ಹೊರಗೆ ಎಸೆಯುತ್ತಾರೆ. ಮಗಳಿಗೆ ಜಡೆ ಹಾಕಿದಷ್ಟು ಕಾಲ ಅವ್ವ ಅದನ್ನೇ ಮಾಡಿದವಳು. ಈಗಲೂ ಅವಳ ಕೈ ಅದನ್ನೇ ಮಾಡಿತು. "ಥೂ, ಥೂ" ಎಂದು ಉಗುಳಿ ಕಿಟಕಿಯಾಚೆ ಒಗೆದಳು.

ನಾನು "ಅವ್ವಾ!" ಎಂದೆ. ಕಣ್ಣು ತೆರೆದು ತನ್ನ ಬರಿ ಬೆರಳು ನೋಡಿಕೊಂಡಳು.

ಮೆಟ್ಟಿಲಿಳಿದು ಓಡಿದೆ. ಗಾಳಿ ಬೀಸುತ್ತಿತ್ತು, ಆಟೋಗಳು ಧೂಳೆಬ್ಬಿಸುತ್ತಿದ್ದವು. ನಮ್ಮ ಬೀದಿಯಲ್ಲಿ ಕೂದಲುಂಡೆಗೇನು ಬರ, ಪ್ರತಿ ಕಿಟಕಿಯ ಕೆಳಗೂ ಬಿದ್ದಿದ್ದವು. ಯಾವುದು ನಮ್ಮದು?

"ಸಿಕ್ತೇನೋ?" ಅವ್ವ ಮೇಲಿನಿಂದ ಕೇಳಿದಳು. ಸ್ವಲ್ಪ ಬಿಟ್ಟು ಮತ್ತೆ, "ಸಿಕ್ತೇನೋ ಯಪ್ಪಾ?"

ಚರಂಡಿಯ ಅಂಚಿನಲ್ಲಿದ್ದ, ಯಾರದೋ ಕರಿ ಕೂದಲನ್ನು ಎತ್ತಿಕೊಂಡು, "ಸಿಕ್ತವ್ವಾ" ಎಂದು ಮೆಟ್ಟಿಲು ಹತ್ತಿದೆ.