ಮೂಗಿಗೆ ಹಿಡಿದ ಹೋಳಿಗೆ

ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಏಲಕ್ಕಿ, ತುಪ್ಪದ ಘಮ ಬಂತು. ಕುಷ್ಟಗಿಯ ಆಸ್ಪತ್ರೆಯೊಂದರ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಅಪರಿಚಿತ ಅಜ್ಜಿ ಹೋಳಿಗೆಯೊಂದನ್ನು ನನ್ನತ್ತ ಚಾಚಿದರು.

“ಬಸುರಿ ಹೆಣ್ಮಗಳು ಮಗ್ಗಲ್ದಾಗ ಕುಂತಾಗ ನಾ ಒಬ್ಬಾಕೀನ ಹೆಂಗ ತಿನ್ನಲಿ? ತಗೋ ಯವ್ವಾ.”

ನನಗಾಗ ಏಳು ತಿಂಗಳು. ಬಸಿರಿನಲ್ಲಿ ಕಾಣಿಸಿಕೊಂಡ ಸಕ್ಕರೆ ಕಾಯಿಲೆಯಿಂದಾಗಿ ಸಿಹಿ ಬಿಟ್ಟು ಎರಡು ತಿಂಗಳಾಗಿತ್ತು. ಕುಬುಸದ ದಿನ ಸೀಮಂತಕ್ಕೆ ಬಂದ ಐವರು ಮುತ್ತೈದೆಯರು ಉಡಿ ತುಂಬಿ, ಬಾಯಿಗೆ ಸಿಹಿಯ ಬದಲು ಸವತೆಕಾಯಿ ಹೋಳು ಇಟ್ಟು ನಕ್ಕಿದ್ದರು. ನನಗೆ ನಗು ಬಂದಿರಲಿಲ್ಲ. ಬಯಕೆಯ ಬುತ್ತಿ ತರಬೇಕಿದ್ದ ಅವ್ವ ತೀರಿಕೊಂಡು ಮೂರು ವರ್ಷವಾಗಿತ್ತು.

“ಬ್ಯಾಡ ಬೇ ಆಯಿ, ನನಗ ಶುಗರ್ ಐತಿ. ಈಗ ಮತ್ತ ರಕ್ತ ತಗೀತಾರ,” ಎಂದು ಮುಖ ಆಚೆ ತಿರುಗಿಸಿದೆ.

ಅಜ್ಜಿ ಕೈ ಹಿಂತೆಗೆಯಲಿಲ್ಲ. ಹೋಳಿಗೆಯನ್ನು ಮೆಲ್ಲಗೆ ನನ್ನ ಮೂಗಿನ ಹತ್ತಿರ ಹಿಡಿದರು.

“ತಿನ್ನಬ್ಯಾಡ, ವಾಸನಿ ತಗೋ. ಕೂಸಿಗೆ ಅಷ್ಟ ಸಾಕು.”

ಕಣ್ಣು ಮುಚ್ಚಿ ಉಸಿರೆಳೆದುಕೊಂಡೆ. ಹಂಚಿನ ಮುಂದೆ ಕೂತ ಅವ್ವ, ಹಿಟ್ಟು ಹತ್ತಿದ ಅವಳ ಸೆರಗು, ಎಲ್ಲವೂ ಬಂದವು. ಕಣ್ಣು ತೆರೆದಾಗ ಅಜ್ಜಿ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಅವರೂ ತಿನ್ನಲಿಲ್ಲ.

ಮಗಳಿಗೀಗ ಎರಡು ವರ್ಷ. ಹೆರಿಗೆಯಾದ ಮೇಲೆ ಸಕ್ಕರೆ ಇಳಿಯಿತು; ಹಬ್ಬಕ್ಕೊಂದು ಹೋಳಿಗೆ ತಿನ್ನಲು ಅಡ್ಡಿಯಿಲ್ಲ. ಆದರೂ ಮೊದಲು ಅದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತೇನೆ. ತಿನ್ನಲು ನನಗೆ ಅವಸರವಿಲ್ಲ. ಕಣ್ಣು ತೆರೆದರೆ ಅವ್ವ ಹೋಗಿಬಿಡುತ್ತಾಳೆ.